ಬಾಖ್ ಮನೆಯ ಜಮಾಖರ್ಚು

1730ರ ಅಕ್ಟೋಬರ್ 28ರಂದು ಜರ್ಮನಿಯ ಲೈಪ್ಜಿಗ್ ನಗರದಿಂದ ಸಂಗೀತ ಶಿಕ್ಷಕನೊಬ್ಬ ತನ್ನ ಬಾಲ್ಯದ ಗೆಳೆಯನಿಗೆ ಪತ್ರ ಬರೆದ. ಗೆಳೆಯ ಗೇಯೋರ್ಗ್ ಏರ್ಡ್‌ಮಾನ್ ಆಗ ಡಾನ್ಜಿಗ್ ಪಟ್ಟಣದಲ್ಲಿ ರಷ್ಯಾದ ಪ್ರತಿನಿಧಿ, ದೊಡ್ಡ ಹುದ್ದೆಯವನು. ನಿನ್ನ ಊರಿನಲ್ಲಿ ನನಗೊಂದು ಕೆಲಸ ಸಿಕ್ಕೀತೇ ಎಂದು ಕೇಳುವುದು ಪತ್ರದ ಉದ್ದೇಶ. ಕೇಳುವ ಮೊದಲು ಆತ ತನ್ನ ಮನೆಯ ಲೆಕ್ಕವನ್ನೆಲ್ಲ ಬಿಚ್ಚಿಡುತ್ತಾನೆ. ವರ್ಷಕ್ಕೆ ಸುಮಾರು 700 ಟಾಲರ್ ಬರುತ್ತದೆ. ಊರಿನಲ್ಲಿ ಸಾವು ಹೆಚ್ಚಾದರೆ ವರಮಾನವೂ ಏರುತ್ತದೆ, ಆರೋಗ್ಯಕರ ಗಾಳಿ ಬೀಸಿದರೆ ಇಳಿಯುತ್ತದೆ. ಹೋದ ವರ್ಷ ಜನ ಸಾಕಷ್ಟು ಸಾಯದ ಕಾರಣ 100 ಟಾಲರಿಗೂ ಹೆಚ್ಚು ನಷ್ಟವಾಯಿತು!

ಈ ಶಿಕ್ಷಕನ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಕೇಳಿರುವ ಹೆಸರು. ಅವನ ಸಂಗೀತದ ಬಗ್ಗೆ ಬರೆಯುವ ಯೋಗ್ಯತೆ ನಮಗಿಲ್ಲ. ನಮ್ಮನ್ನು ಕಾಡಿದ್ದು ಅವನ ಮನೆ: ಪ್ರಾರ್ಥನೆ, ಸಾಲ, ತೊಟ್ಟಿಲು, ಶವಪೆಟ್ಟಿಗೆ ಎಲ್ಲವೂ ಒಂದೇ ಸೂರಿನಡಿ ಇದ್ದ ಒಂದು ಕ್ರೈಸ್ತ ಸಂಸಾರ.

ಪತ್ರದ ಆ ಮಾತು ಮೇಲ್ನೋಟಕ್ಕೆ ಕ್ರೂರ ಹಾಸ್ಯದಂತೆ ಕಾಣುತ್ತದೆ. ಆದರೆ ಅದು ಅವನ ಸಂಬಳದ ವ್ಯವಸ್ಥೆಯ ನೇರ ವರ್ಣನೆ. 1723ರಲ್ಲಿ ಸಂತ ತೋಮಸರ ಶಾಲೆಯ ಸಂಗೀತ ಮುಖ್ಯಸ್ಥನಾಗಿ ಲೈಪ್ಜಿಗ್‌ಗೆ ಬಂದಾಗ ಅವನಿಗೆ ನಗರಸಭೆ ಕೊಡುತ್ತಿದ್ದ ನಿಗದಿತ ಸಂಬಳ ವರ್ಷಕ್ಕೆ ಸುಮಾರು 100 ಟಾಲರ್ ಮಾತ್ರ. ಶಾಲೆಯ ಕಟ್ಟಡದಲ್ಲೇ ವಾಸಕ್ಕೆ ಮನೆ, ಒಂದಿಷ್ಟು ಧಾನ್ಯ, ಸೌದೆ. ಉಳಿದದ್ದೆಲ್ಲ ಮೇಲುಸಂಪಾದನೆ. ಮದುವೆಗೆ ಇಷ್ಟು, ಶವಸಂಸ್ಕಾರಕ್ಕೆ ಇಷ್ಟು. ಶಾಲೆಯ ಹುಡುಗರು ಶವಯಾತ್ರೆಯಲ್ಲಿ ಹಾಡುತ್ತಾ ಸಾಗಬೇಕು. ಸತ್ತವನು ಸಿರಿವಂತನಾದರೆ ಇಡೀ ಶಾಲೆ, ಸಾಧಾರಣದವನಾದರೆ ಅರ್ಧ ಶಾಲೆ. ದರ ಅದಕ್ಕೆ ತಕ್ಕಂತೆ. ದೇವರ ಮನೆಯ ಸೇವಕನಿಗೆ ನೆಟ್ಟಗೆ ಸಂಬಳ ಕೊಡದೆ ಊರಿನ ಸಾವು ನೋವುಗಳ ಮೇಲೆ ಬದುಕಲು ಬಿಡುವ ಈ ಪದ್ಧತಿಯನ್ನು ರೂಪಿಸಿದವನು ಬಾಖ್ ಅಲ್ಲ. ನಾಚಿಕೆ ಯಾರಿಗಾದರೂ ಆಗಬೇಕಿದ್ದರೆ ಅದು ನಗರಸಭೆಗೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಸಾವು ಅವನಿಗೆ ಕೇವಲ ಲೆಕ್ಕದ ಬಾಬತ್ತಾಗಿರಲಿಲ್ಲ. ಈ ಪತ್ರ ಬರೆದ ವರ್ಷದ ಜನವರಿಯಲ್ಲೇ ಹುಟ್ಟಿ ಕೆಲವೇ ದಿನವಾಗಿದ್ದ ಒಂದು ಮಗಳನ್ನು ಅವನು ಮಣ್ಣು ಮಾಡಿದ್ದ. 1726ರಿಂದ 1733ರ ನಡುವಿನ ಎಂಟು ವರ್ಷಗಳಲ್ಲಿ ಆ ಮನೆಯಿಂದ ಏಳು ಮಕ್ಕಳ ಶವ ಹೊರಟಿತು. ಹತ್ತು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಅಣ್ಣನ ಮನೆಯಲ್ಲಿ ಬೆಳೆದವನು ಅವನು. 1720ರಲ್ಲಿ ತನ್ನ ದೊರೆಯ ಜತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದವನು ಮರಳಿ ಮನೆಯ ಹೊಸ್ತಿಲು ತುಳಿದಾಗ, ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡು ಅಂತ್ಯಕ್ರಿಯೆಯೂ ಮುಗಿದಿತ್ತು. ಇಬ್ಬರು ಹೆಂಡತಿಯರಲ್ಲಿ ಅವನಿಗೆ ಒಟ್ಟು 20 ಮಕ್ಕಳು. ದೊಡ್ಡವರಾದದ್ದು ಹತ್ತು ಮಂದಿ.

ಎರಡನೆಯ ಹೆಂಡತಿ ಅನ್ನಾ ಮಗ್ದಲೇನಾ. 1721ರ ಡಿಸೆಂಬರ್‌ನಲ್ಲಿ ಮದುವೆ. ಆಗ ಬಾಖ್ ಕ್ಯೋಥೆನ್ ಎಂಬ ಸಣ್ಣ ಸಂಸ್ಥಾನದಲ್ಲಿ 400 ಟಾಲರ್ ಸಂಬಳದ ಆಸ್ಥಾನ ಸಂಗೀತಗಾರ. ಆಕೆಯೂ ಅದೇ ಆಸ್ಥಾನದಲ್ಲಿ ಸಂಬಳ ಪಡೆಯುವ ಗಾಯಕಿ. ಲೈಪ್ಜಿಗ್‌ಗೆ ಬಂದದ್ದು ಮುಖ್ಯವಾಗಿ ಗಂಡುಮಕ್ಕಳ ಓದಿಗಾಗಿ, ಅಲ್ಲಿ ವಿಶ್ವವಿದ್ಯಾನಿಲಯವಿತ್ತು. ಆದರೆ ಆ ಊರಿನ ಇಗರ್ಜಿಗಳಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಮಕ್ಕಳ ಓದಿಗಾಗಿ ತಾಯಿಯ ಸಂಪಾದನೆ ನಿಂತುಹೋಯಿತು ಎಂಬುದನ್ನು ಚರಿತ್ರೆ ಬರೆಯುವವರು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಆಮೇಲೆ ಆಕೆ ಗಂಡನ ರಚನೆಗಳನ್ನು ನಕಲು ಮಾಡುತ್ತಾ, 13 ಹೆರಿಗೆಗಳ ನಡುವೆ ಮನೆ ನಡೆಸಿದಳು. ಅವಳಿಗೆ ಹೂಗಿಡಗಳ ಹುಚ್ಚು. ಮನೆಯಲ್ಲಿದ್ದ ದಾಯಾದಿ ಯೋಹಾನ್ ಎಲಿಯಾಸ್ ಅವಳಿಗಾಗಿ ಹಳದಿ ಕಾರ್ನೇಶನ್ ಗಿಡಗಳನ್ನೂ ಹಾಡುವ ಹಕ್ಕಿಯೊಂದನ್ನೂ ತರಿಸಲು ಬರೆದ ಪತ್ರಗಳು ಉಳಿದಿವೆ.

ಈ ಎಲಿಯಾಸ್‌ನದೇ ಇನ್ನೊಂದು ಪ್ರಸಂಗವಿದೆ. 1748ರಲ್ಲಿ ಅವನು ಊರಿನಿಂದ ಬಾಖ್‌ಗೆ ಒಂದು ಪೀಪಾಯಿ ದ್ರಾಕ್ಷಾರಸವನ್ನು ಉಡುಗೊರೆಯಾಗಿ ಕಳಿಸಿದ. ದಾರಿಯಲ್ಲಿ ಅಲುಗಾಡಿ ಮೂರನೆಯ ಒಂದು ಪಾಲು ಸೋರಿಹೋಗಿತ್ತು. ಬಾಖ್ ಕೃತಜ್ಞತೆಯ ಪತ್ರ ಬರೆದ, ದೇವರ ಇಂಥ ಕೊಡುಗೆಯ ಒಂದು ಹನಿಯೂ ಚೆಲ್ಲಬಾರದಿತ್ತೆಂದು ಮರುಗಿದ. ಅದರ ಕೆಳಗೆ ಲೆಕ್ಕ: ಸಾಗಣೆಗೆ 16 ಗ್ರೋಶನ್, ತಂದುಕೊಟ್ಟವನಿಗೆ 2, ತಪಾಸಣೆಯವನಿಗೆ 2, ಮೇಲೆ ಎರಡು ಬಗೆಯ ಸುಂಕ. (24 ಗ್ರೋಶನ್‌ಗೆ ಒಂದು ಟಾಲರ್.) ಒಂದೊಂದು ಅಳತೆಗೆ ಹತ್ತಿರ ಹತ್ತಿರ 5 ಗ್ರೋಶನ್ ಬಿತ್ತು, ಉಡುಗೊರೆಗೆ ಇದು ದುಬಾರಿಯಾಯಿತು, ಇನ್ನು ಕಳಿಸಬೇಡ ಎಂದು ತಾತ್ಪರ್ಯ. ಅದೇ ಎಲಿಯಾಸ್ ಪ್ರಷ್ಯಾದ ದೊರೆಗೆ ಅರ್ಪಿಸಿದ್ದ ಹೊಸ ರಚನೆಯ ಪ್ರತಿ ಕೇಳಿದಾಗ, ಅಚ್ಚಾದ 100 ಪ್ರತಿಗಳಲ್ಲಿ ಬಹುಪಾಲು ಗೆಳೆಯರಿಗೆ ಪುಕ್ಕಟೆ ಹೋಗಿದೆ, ಮತ್ತೆ ಅಚ್ಚು ಹಾಕಿಸುತ್ತೇನೆ, ನಿನಗೆ ಬೇಕಿದ್ದರೆ ಒಂದು ಟಾಲರ್ ಕಳಿಸು ಎಂದು ಉತ್ತರಿಸಿದ. ಒಬ್ಬ ಶ್ರೀಮಂತನಿಗೆ ವಾದ್ಯವನ್ನು ತಿಂಗಳಿಗೆ 1 ಟಾಲರ್ 8 ಗ್ರೋಶನ್ ಬಾಡಿಗೆಗೆ ಕೊಟ್ಟ ರಶೀದಿಗಳೂ ಇವೆ.

ಇದನ್ನು ಜಿಪುಣತನ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿ ಹಿಡಿದ ದುಡ್ಡನ್ನು ಎಣಿಸುತ್ತಿದ್ದವನೇ 1742ರ ಸೆಪ್ಟೆಂಬರ್‌ನಲ್ಲಿ ಹರಾಜಿನಲ್ಲಿ ಲೂಥರನ ಬರಹಗಳ ಸಂಪುಟಗಳಿಗೆ 10 ಟಾಲರ್ ಸುರಿದ. ಅವನ ಬಳಿಯಿದ್ದ ಕಾಲೋವ್ ಎಂಬ ಪಂಡಿತನ ವ್ಯಾಖ್ಯಾನವಿರುವ ಮೂರು ಸಂಪುಟಗಳ ಬೈಬಲ್ ಈಗ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದೆ. ಅಂಚಿನಲ್ಲಿ ಅವನ ಕೈಬರಹದ ಟಿಪ್ಪಣಿಗಳು, ಅಚ್ಚಿನ ತಪ್ಪುಗಳನ್ನು ತಿದ್ದಿದ ಗುರುತುಗಳು. ದೇವಸ್ತುತಿಯ ಸಂಗೀತ ಭಕ್ತಿಯಿಂದ ನಡೆಯುವೆಡೆ ದೇವರು ತನ್ನ ಕೃಪೆಯೊಂದಿಗೆ ಹಾಜರಿರುತ್ತಾನೆ ಎಂಬ ಅರ್ಥದ ಮಾತನ್ನು ಒಂದೆಡೆ ಬರೆದಿದ್ದಾನೆ. ರಚನೆಗಳ ಕೊನೆಗೆ 'ಮಹಿಮೆ ದೇವರೊಬ್ಬನಿಗೇ' ಎಂಬುದರ ಮೂರು ಲ್ಯಾಟಿನ್ ಮೊದಲಕ್ಷರಗಳನ್ನು ಹಾಕುವುದು ಅವನ ರೂಢಿ. ಭಕ್ತಿಯೂ ಬಾಡಿಗೆಯ ರಶೀದಿಯೂ ಒಂದೇ ಕೈಯವು. ಅವುಗಳ ನಡುವೆ ಅವನಿಗೆ ಜಗಳ ಕಂಡಿರಲಿಕ್ಕಿಲ್ಲ.

ಅವನಿಗೆ ನಿಜವಾದ ಪರೀಕ್ಷೆ ಬಂದದ್ದು ಮಗನಿಂದ. ಬರ್ನ್‌ಹಾರ್ಡ್ ಎಂಬ ಮಗನಿಗೆ ಅಪ್ಪ ಓಡಾಡಿ ಮೊದಲು ಮ್ಯೂಲ್‌ಹೌಸೆನ್‌ನಲ್ಲಿ, ಆಮೇಲೆ ಜಾಂಗರ್‌ಹೌಸೆನ್‌ನಲ್ಲಿ ಇಗರ್ಜಿಯ ಆರ್ಗನ್ ವಾದಕನ ಕೆಲಸ ಕೊಡಿಸಿದ. ಹುಡುಗ ಮೊದಲ ಊರಿನಲ್ಲೇ ಸಾಲ ಮಾಡಿದ, ಅಪ್ಪ ತೀರಿಸಿದ. ಎರಡನೆಯ ಊರಿನಲ್ಲಿ ಮತ್ತೆ ಸಾಲ ಮಾಡಿ 1738ರಲ್ಲಿ ಹೇಳದೆ ಕೇಳದೆ ಪರಾರಿಯಾದ. ಸಾಲಗಾರರ ಪರವಾಗಿ ಬಂದ ಮಾತಿಗೆ ಬಾಖ್ ಬರೆದ ಉತ್ತರ ಓದಿದರೆ ಕರುಳು ಹಿಂಡುತ್ತದೆ. ಬುದ್ಧಿಮಾತಾಗಲಿ ಪ್ರೀತಿಯಾಗಲಿ ಇನ್ನು ಸಾಲದು, ಈ ಶಿಲುಬೆಯನ್ನು ತಾಳ್ಮೆಯಿಂದ ಹೊತ್ತು ಮಗನನ್ನು ದೇವರ ಕರುಣೆಗೆ ಒಪ್ಪಿಸುವುದೊಂದೇ ದಾರಿ ಎನ್ನುತ್ತಾನೆ. ಸಾಲಕ್ಕೆ ಲಿಖಿತ ಆಧಾರ ತೋರಿಸದೆ ದುಡ್ಡು ಕೊಡಲಾರೆ ಎಂದೂ ಹೇಳುತ್ತಾನೆ! ಮನೆಯಲ್ಲಿ ತಿನ್ನುವ ಬಾಯಿಗಳು ಇನ್ನೂ ಇದ್ದವಲ್ಲ. ಮರುವರ್ಷ ಯೇನಾ ಪಟ್ಟಣದಲ್ಲಿ ಜ್ವರ ಬಂದು ಬರ್ನ್‌ಹಾರ್ಡ್ ಸತ್ತ. ವಯಸ್ಸು 24.

1749ರ ಜೂನ್‌ನಲ್ಲಿ, ಬಾಖ್ ಇನ್ನೂ ಬದುಕಿರುವಾಗಲೇ, ನಗರಸಭೆ ಅವನ ಜಾಗಕ್ಕೆ ಇನ್ನೊಬ್ಬನ ಪರೀಕ್ಷೆ ನಡೆಸಿತು. ಮರುವರ್ಷ ಕಣ್ಣಿನ ಶಸ್ತ್ರಚಿಕಿತ್ಸೆ ಕೆಟ್ಟು ಜುಲೈ 28ರಂದು ಅವನು ತೀರಿಕೊಂಡ. ಎಲ್ಲವನ್ನೂ ಲೆಕ್ಕವಿಡುತ್ತಿದ್ದ ಮನುಷ್ಯ ಮರಣಶಾಸನವನ್ನು ಮಾತ್ರ ಬರೆದಿಡಲಿಲ್ಲ. ಅಧಿಕಾರಿಗಳು ಮನೆಯ ಸಾಮಾನಿನ ಪಟ್ಟಿ ಮಾಡಿದರು. ವಾದ್ಯಗಳು 371 ಟಾಲರ್, ಧರ್ಮಗ್ರಂಥಗಳು 38, ಒಂದು ಗಣಿಯ ಷೇರು 60, 11 ಅಂಗಿಗಳು. ಸಾಲ 150 ಟಾಲರಿಗೆ ಸ್ವಲ್ಪ ಮೇಲೆ. ಕಾನೂನಿನಂತೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಬದುಕಿದ್ದ ಒಂಬತ್ತು ಮಕ್ಕಳಿಗೆ.

ಮನೆ ಶಾಲೆಯದು. ಆರು ತಿಂಗಳು ಕಳೆದ ಮೇಲೆ ಅನ್ನಾ ಮಗ್ದಲೇನಾ ಅದನ್ನು ಬಿಟ್ಟುಕೊಟ್ಟಳು. 1752ರಲ್ಲಿ ಗಂಡನ ಕೆಲವು ಸಂಗೀತ ಕೃತಿಗಳನ್ನು ನಗರಸಭೆಗೆ ಒಪ್ಪಿಸಿದಾಗ, ಅವಳ ಬಡತನವನ್ನೂ ಪರಿಗಣಿಸಿ ಸಭೆ ಕೊಟ್ಟದ್ದು 40 ಟಾಲರ್. 1760ರ ಫೆಬ್ರವರಿ 27ರಂದು ಅವಳು ಸತ್ತಾಗ ಮಲಮಗ ಎಮಾನುಯೆಲ್ ಪ್ರಷ್ಯಾದ ದೊರೆ ಫ್ರೆಡರಿಕ್‌ನ ಆಸ್ಥಾನದಲ್ಲಿ ಹೆಸರುವಾಸಿ ಸಂಗೀತಗಾರ. ಲೈಪ್ಜಿಗ್‌ನ ಮರಣ ದಾಖಲೆಯಲ್ಲಿ ಅವಳನ್ನು ಧರ್ಮಾರ್ಥದ ಹಣದಿಂದ ಬದುಕಿದವಳೆಂದು ಬರೆಯಲಾಗಿದೆ.

ಕಿರಿಯ ಮಗಳು ರೆಗಿನಾ ಸುಸಾನಾಗೆ ಆಗ 18 ವರ್ಷ. ಅವಳು ಮದುವೆಯಾಗಲಿಲ್ಲ. 1800ರಲ್ಲಿ, ಬಾಖ್‌ನ ಮಗಳು ಬಡತನದಲ್ಲಿದ್ದಾಳೆ, ಸಹಾಯ ಮಾಡಿ ಎಂದು ಒಂದು ಸಂಗೀತ ಪತ್ರಿಕೆ ಓದುಗರಲ್ಲಿ ಮನವಿ ಮಾಡಿತು. ನೆರವಿಗೆ ಮುಂದಾದವರಲ್ಲಿ ಬೀಥೋವನ್ ಕೂಡ ಇದ್ದ. ಅವಳು 1809ರವರೆಗೆ ಬದುಕಿದ್ದಳು.