ರೊಟ್ಟಿಯೂ ಅದರ ಒಡನಾಡಿಗಳೂ

ಮನಸ್ಸಿನ ಒತ್ತಡವನ್ನು ತಗ್ಗಿಸುವ ಆಹಾರ ಯಾವುದೆಂದು ಇಂದು ಯಾರನ್ನಾದರೂ ಕೇಳಿ ನೋಡಿ. ಬಾದಾಮಿ, ಓಟ್ಸ್, ಚಾಕೊಲೇಟು ಎಂಬ ಉತ್ತರ ಬರುವುದು. ಇವೆಲ್ಲ ದೂರದಿಂದ ಬರುವ ದುಬಾರಿ ಪದಾರ್ಥಗಳು. ಅದೇ ಪ್ರಶ್ನೆಯನ್ನು ರಾಯಚೂರು ಜಿಲ್ಲೆಯ ಬಾಗಲವಾಡದಂತಹ ಊರಿನ ಊಟದ ತಟ್ಟೆಯ ಮುಂದಿಟ್ಟರೆ ಇತಿಹಾಸವು ಬೇರೊಂದು ಉತ್ತರವನ್ನು ಕೊಡುತ್ತದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಸೀಮೆಗೆ ಎಡೆದೊರೆನಾಡು ಎಂಬುದು ಹಳೆಯ ಹೆಸರು. ಇಲ್ಲಿನ ಎರೆಭೂಮಿ ಮಳೆನೀರನ್ನು ಬಹುಕಾಲ ಹಿಡಿದಿಡುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಆ ತೇವವನ್ನೇ ನೆಚ್ಚಿ ಚಳಿಗಾಲವಿಡೀ ಬೆಳೆಯುತ್ತದೆ. ಜೋಳ ಮೂಲತಃ ಆಫ್ರಿಕಾದ ಧಾನ್ಯ. ಆದರೆ ಅದು ನಮ್ಮದಲ್ಲವೆಂದು ಈ ನಾಡಿನಲ್ಲಿ ಹೇಳುವ ಧೈರ್ಯ ಯಾರಿಗಿದೆ? ಖಡಕ್ ರೊಟ್ಟಿ, ಬೇಳೆಯೂ ಜೋಳದ ನುಚ್ಚೂ ಬೆರೆತ ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ ಇವೆಲ್ಲ ಕೂಡಿದರೆ ಇಲ್ಲಿನವರ ಪಾಲಿಗೆ ಊಟವೆನಿಸಿತು.

ರೊಟ್ಟಿಯೊಂದೇ ಸಾಲದೇ? ಸಾಲದೆಂಬುದಕ್ಕೆ ದುಃಖದ ಸಾಕ್ಷ್ಯವೊಂದಿದೆ. ರಾಯಚೂರು 1956ರವರೆಗೆ ಸೇರಿದ್ದ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಟಿಯ ಅವರು ಜೋಳವನ್ನೇ ಉಂಡು ಬದುಕುವ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗವನ್ನು ಕಂಡು 1960ರಲ್ಲಿ ವರದಿ ಮಾಡಿದರು. ಈ ರೋಗದಲ್ಲಿ ಬಿಸಿಲು ತಾಗುವೆಡೆ ಚರ್ಮ ಕಪ್ಪಾಗಿ ಬಿರಿಯುತ್ತದೆ, ಹೊಟ್ಟೆ ಕೆಡುತ್ತದೆ, ಕೊನೆಗೆ ಮನಸ್ಸೂ ಕುಗ್ಗುತ್ತದೆ. ನಿದ್ದೆ ಬಾರದು, ಕಳವಳ ಹೆಚ್ಚುತ್ತದೆ, ಖಿನ್ನತೆ ಆವರಿಸುತ್ತದೆ. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದರ ಮೂಲ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಈ ಕೊರತೆಗೆ ಕಾರಣವೆಂದು ಅವರು ವಾದಿಸಿದರು. ಆ ವಾದದ ಬಗ್ಗೆ ಮುಂದೆ ಸಾಕಷ್ಟು ಚರ್ಚೆ ನಡೆಯಿತು.

ಇದಕ್ಕೂ ಮೊದಲು, 1914-15ರಲ್ಲಿ, ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಮೆಕ್ಕೆಜೋಳವನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿ ಇದೇ ರೋಗವನ್ನು ಅಡಗಿಸಿದ್ದನು. ಅಲ್ಲಿನ ಮಾನಸಿಕ ಆಸ್ಪತ್ರೆಗಳಲ್ಲಿಯೂ ಪೆಲಾಗ್ರ ರೋಗಿಗಳಿದ್ದರು. ಹುಚ್ಚೆಂದು ಕೂಡಿಹಾಕಲ್ಪಟ್ಟ ಕೆಲವರಿಗೆ ಬೇಕಾಗಿದ್ದುದು ಒಂದು ಒಳ್ಳೆಯ ಊಟ! ಈಗ ನಮ್ಮ ತಟ್ಟೆಯನ್ನು ಮತ್ತೆ ನೋಡಿ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಬೇಳೆಕಾಳು, ಮಜ್ಜಿಗೆಗಳಲ್ಲಿರುವ ಟ್ರಿಪ್ಟೊಫ್ಯಾನ್‌ನಿಂದ ದೇಹವೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಅಜ್ಜಿಯಂದಿರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಹಿಂಡಿಯಿಲ್ಲದೆ ರೊಟ್ಟಿ ಬಡಿಸಬಾರದೆಂಬುದು ಮಾತ್ರ ತಿಳಿದಿತ್ತು. ಆ ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದ ಬಂದ ಅತಿಥಿಯೇ.

ತಟ್ಟೆ ಬದಲಾದುದು ನೀರಿನಿಂದ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯತೊಡಗಿತು. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂತಹ ಮಿತನೀರಿನ ಬೆಳೆಗಳೇ ನಿಗದಿಯಾಗಿದ್ದವು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರಿನ ಕೆಳಭಾಗದ ರೈತರು ನೀರಿಗಾಗಿ ಕಾಯುವಂತಾಯಿತು. ನೀರು ಬರುವುದೋ ಇಲ್ಲವೋ ಎಂಬ ಚಿಂತೆ, ಗೊಬ್ಬರಕ್ಕೆ ಮಾಡಿದ ಸಾಲ: ಒತ್ತಡವೆಂದರೆ ಇಲ್ಲಿ ಇದೇ. ಇದಕ್ಕೆ ಯಾವ ಧಾನ್ಯವೂ ಔಷಧವಲ್ಲ. ಇತ್ತ ಪಡಿತರದ ಅಕ್ಕಿ ಹಸಿವನ್ನು ನೀಗಿಸಿತು. ಅದನ್ನು ಹಳಿಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೂ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿ ಹೋದಾಗ ಹಿಂಡಿ, ಪುಂಡಿ, ಕಾಳುಗಳೂ ತಟ್ಟೆಯ ಅಂಚಿಗೆ ಸರಿದವು. ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ ಇದು.

ಆಹಾರಕ್ಕೂ ಮನಸ್ಸಿಗೂ ಇರುವ ನಂಟನ್ನು ವಿಜ್ಞಾನ ಈಗ ಎಚ್ಚರಿಕೆಯಿಂದ ಪರೀಕ್ಷಿಸುತ್ತಿದೆ. ಆಸ್ಟ್ರೇಲಿಯಾದಲ್ಲಿ ತೀವ್ರ ಖಿನ್ನತೆಯ 67 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಇಡಿ ಧಾನ್ಯ, ಕಾಳು, ತರಕಾರಿ, ಮೀನು ಮುಂತಾದವುಗಳ ಊಟಕ್ಕೆ 12 ವಾರ ಹೊಂದಿಕೊಂಡವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಚೇತರಿಸಿಕೊಂಡರು. ಕೇವಲ ಒಡನಾಟದ ಆಸರೆ ಪಡೆದವರಲ್ಲಿ ಅದು ಶೇಕಡ 8. ಅಧ್ಯಯನ ಚಿಕ್ಕದು, ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯಲ್ಲಿಯೂ ಇದ್ದರು. ವಾರಗಟ್ಟಲೆ ನಿದ್ದೆಯಿಲ್ಲದೆ ಬಳಲುವವರು ನಿಮ್ಮ ಮನೆಯಲ್ಲಿದ್ದರೆ ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾವನ್ನೇ ಬೇಡಿಕೊಂಡು ಅಡವಿಯಲ್ಲಿ ಮಲಗಿದ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು ಎಂಬುದೂ ನಿಮಗೆ ನೆನಪಿರಬಹುದು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಬಳಿಕ ಜೋಳಕ್ಕೆ ಪೇಟೆಯಲ್ಲಿ ಮತ್ತೆ ಮರ್ಯಾದೆ ಬಂದಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ಅದರ ಚಿತ್ರವಿದೆ. ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ರೈತರು ಚರಗ ಚೆಲ್ಲಲು ಹೊಲಕ್ಕೆ ಹೊತ್ತೊಯ್ಯುವ ಬುತ್ತಿಯಲ್ಲಿ ಮಾತ್ರ ರೊಟ್ಟಿಯೊಂದೇ ಇರುವುದಿಲ್ಲ. ಪುಂಡಿ ಪಲ್ಯ, ಕಾಳು, ಹಿಂಡಿ, ಮೊಸರು ಎಲ್ಲವೂ ಇರುತ್ತವೆ. ಉಣ್ಣಲು ನೆರೆಹೊರೆಯವರೂ ಬರುತ್ತಾರೆ.