ಸಂಗೀತಪ್ರಧಾನ ಚಿತ್ರಗಳ ಹಳೆಯ ಪೋಸ್ಟರ್: ಅಸಲಿ ಯಾವುದು?

ಸಿನಿಮಾ ಪೋಸ್ಟರ್ ಮುದ್ರಣಗೊಳ್ಳುತ್ತಿದ್ದುದು ಗೋಡೆಗೆ ಅಂಟಿಸುವುದಕ್ಕೇ ಹೊರತು ಕಾಪಿಡುವುದಕ್ಕಲ್ಲ. ಅಂಟಿಸಿದ್ದು ಮಳೆಗೆ ಕರಗಿತು, ಇಲ್ಲವೇ ಮುಂದಿನ ಚಿತ್ರದ ಪೋಸ್ಟರ್‌ನಡಿ ಹೂತುಹೋಯಿತು. ಉಳಿದವು ಬಹುತೇಕ ಅಂಟಿಸದೆ ಮಡಿಸಿಟ್ಟ ಪ್ರತಿಗಳು. ಆದ್ದರಿಂದ ಮಡಿಕೆಯ ಗೆರೆ ಕಂಡು ಮೂಗು ಮುರಿಯಬೇಕಿಲ್ಲ.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರದ ಪ್ರತಿಯೇ ಉಳಿದಿಲ್ಲ. ಅದರ ಪೋಸ್ಟರ್ ಎಂದು ಯಾರಾದರೂ ಮಾರಲು ಬಂದರೆ ಮೊದಲು ಅನುಮಾನಿಸುವುದೇ ಲೇಸು. ಭೀಮಸೇನ ಜೋಶಿಯವರ ಕಂಠವಿರುವ ‘ಸಂಧ್ಯಾರಾಗ’ (1966), ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975), ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ಮೊಳಗಿದ ‘ಸನಾದಿ ಅಪ್ಪಣ್ಣ’ (1977) ಚಿತ್ರಗಳ ಪೋಸ್ಟರ್‌ಗಳನ್ನು ಅರಸುವುದು ಅದಕ್ಕಿಂತ ವಾಸ್ತವಿಕ.

ಪರೀಕ್ಷೆಗೆ ಒಂದು ಭೂತಗನ್ನಡಿ ಸಾಕು. ಕಲ್ಲಚ್ಚಿನ ಮುದ್ರಣದಲ್ಲಿ ಬಣ್ಣದ ಕಣಗಳು ಅಡ್ಡಾದಿಡ್ಡಿ. ಆಫ್‌ಸೆಟ್‌ನಲ್ಲಿ ಚುಕ್ಕೆಗಳು ಸಾಲುಗಟ್ಟಿರುತ್ತವೆ. ಇಂಕ್‌ಜೆಟ್ ನಕಲಿನಲ್ಲಿ ಶಾಯಿ ಸಿಂಪಡಿಸಿದಂತೆ ಚದುರಿರುತ್ತದೆ. ಅಸಲಿ ಪೋಸ್ಟರನ್ನೇ ಛಾಯಾಚಿತ್ರ ತೆಗೆದು ಅಚ್ಚುಹಾಕಿದ್ದರೆ ಹಳೆಯ ಮಡಿಕೆ, ಹರುಕುಗಳೂ ಚಿತ್ರದೊಳಗೆ ಕಾಣುತ್ತವೆ, ಬೆರಳಿಗೆ ಮಾತ್ರ ತಾಕುವುದಿಲ್ಲ! ಅಂಚಿನಲ್ಲಿ ಸಣ್ಣಕ್ಷರದ ಮುದ್ರಣಾಲಯದ ಹೆಸರಿದ್ದರೆ ಅದನ್ನೂ ಓದಬೇಕು.

ಇನ್ನೊಂದು ತೊಡಕು ಮರುಬಿಡುಗಡೆಯದು. ರಾಜ್‌ಕುಮಾರ್ ಚಿತ್ರಗಳು ಮತ್ತೆ ಮತ್ತೆ ತೆರೆಕಂಡವು. ಆಗ ಹೊಸದಾಗಿ ಅಚ್ಚಾದ ಪೋಸ್ಟರ್ ನಕಲಿಯಲ್ಲ, ಆದರೆ ಮೊದಲ ಬಿಡುಗಡೆಯ ಬೆಲೆ ತೆರುವಂಥದ್ದೂ ಅಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜುಗೋಡೆಯ ಫ್ಲ್ಯಾಟುಗಳಲ್ಲಿ ನೇರ ಬಿಸಿಲೇ ಹಳೆಯ ಕಾಗದದ ಶತ್ರು. ಮೊದಲು ಮಾಸುವುದು ಕೆಂಪು ಮತ್ತು ಹಳದಿ. ಲ್ಯಾಮಿನೇಷನ್ ಮಾಡಿಸಿದರಂತೂ ಮುಗಿಯಿತು, ಅದನ್ನು ಮತ್ತೆ ಬಿಡಿಸಲಾಗದು. ಹರಿದಲ್ಲಿ ಸೆಲ್ಲೋಟೇಪ್ ಹಚ್ಚದೆ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿಡುವುದು ಸುರಕ್ಷಿತ. ಗೋಡೆಗೆ ತೂಗುಹಾಕಲು ನಕಲು ಪ್ರತಿಯೇ ಸಾಕು.