ಹಾಡಿದ್ದು ನಾವು, ಎತ್ತಿಡಬೇಕಾದವರೂ ನಾವೇ



ಬಾಬಾಸಾಹೇಬರ ದನಿ ಕೇಳಿದ್ದೀರಲ್ವಾ? 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನ. ಗಾಂಧಿ ಬಗ್ಗೆ, ಪೂನಾ ಒಪ್ಪಂದದ ಬಗ್ಗೆ ಮುಚ್ಚುಮರೆ ಇಲ್ಲದ ಮಾತು. ಅದು ಇವತ್ತು ನಮ್ಮ ಮೊಬೈಲ್‌ನಲ್ಲಿ ಕೇಳ್ತಿರೋದು ರೆಕಾರ್ಡ್ ಮಾಡಿದ್ದಕ್ಕೆ ಮಾತ್ರ ಅಲ್ಲ, ಆಮೇಲೆ ಜೋಪಾನ ಮಾಡಿ ಎತ್ತಿಟ್ಟಿದ್ದಕ್ಕೆ. ಇವೆರಡೂ ಬೇರೆ ಬೇರೆ ಕೆಲಸ.

ನಮ್ಮ ಭಾಗದ ಚರಿತ್ರೆನೇ ನೋಡಿ. ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಜೀಶಂಪ ಊರೂರು ಅಲೆದು ನೀಲಗಾರರು, ದೇವರಗುಡ್ಡರು, ಕಂಸಾಳೆಯವರ ಕಾವ್ಯ ಸಂಗ್ರಹಿಸಿದರು. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಜಾನಪದ ಲೋಕ ಕಟ್ಟಿದರು. ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಮಂಟೇಸ್ವಾಮಿಯನ್ನ ಹಾಡಿದ ನೀಲಗಾರರಲ್ಲಿ ಎಷ್ಟೋ ಜನ ನಮ್ಮ ಕೇರಿಯವರು. ಆ ದನಿಗಳು ಸಂಗ್ರಹಕ್ಕೆ ಸೇರಿದ್ದು ಈ ಹಿರಿಯರ ಋಣ.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರ ಪುಸ್ತಕ. ಕ್ಯಾಸೆಟ್ ಆಯ್ತು, 1992ರಲ್ಲಿ ಸಿನಿಮಾ ಆಯ್ತು, ಇವತ್ತಿಗೂ ಬೇಕಾದಾಗ ಸಿಗುತ್ತೆ. ಸಂತೋಷ. ಆದರೆ ಅದೇ ತಾಲ್ಲೂಕಿನ ಕೇರಿಗಳಲ್ಲಿ ಏಪ್ರಿಲ್ 14ಕ್ಕೆ ಹುಟ್ಟಿದ ಹಾಡುಗಳು ಎಲ್ಲಿವೆ?

ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಜಾಥಾ, ಧರಣಿ, ಸಭೆ ಎಲ್ಲವೂ ಹಾಡಿನಿಂದಲೇ ಶುರು. ಓದು ಬಾರದವರಿಗೂ ಚಳವಳಿ ಮುಟ್ಟಿದ್ದು ತಮಟೆ ಮೇಲೆ, ಹಾಡಿನ ಮೇಲೆ. ಗ್ರಾಮಫೋನ್ ಕಾಲದಲ್ಲಿ ರೆಕಾರ್ಡಿಂಗ್ ಅಂದ್ರೆ ದುಡ್ಡಿದ್ದವರ ಮಾತು. ಕ್ಯಾಸೆಟ್ ಅಗ್ಗ ಆದಮೇಲೆ ನಮ್ಮ ಕೈಗೂ ಬಂತು. ಆಮೇಲೆ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂತು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ನಮ್ಮ ಹುಡುಗರು ಚಂದಾ ಎತ್ತಿ, ಬಸ್ಸು ಹತ್ತಿ, ಮೈಸೂರಿಗೆ ಹೋಗಿ ಹಾಡಿ ಬಂದರು. ಸಿ.ಡಿ. ಹಂಚಿದರು. ಕೆಲಸ ಮುಗೀತು ಅಂದ್ಕೊಂಡ್ವಿ.

ಮುಗಿದಿರಲಿಲ್ಲ. ಸಿ.ಡಿ.ಯಲ್ಲಿ ಇರೋದು ಬೆಂದ ಅಡುಗೆ. ಸ್ಟುಡಿಯೋ ಕಂಪ್ಯೂಟರಿನಲ್ಲಿ ಉಳಿದದ್ದು ಅದರ ‘ಪ್ರಾಜೆಕ್ಟ್’: ಹಾಡುಗಾರನ ದನಿ ಒಂದು ಟ್ರ್ಯಾಕ್, ತಮಟೆ ಒಂದು, ಹಾರ್ಮೋನಿಯಂ ಒಂದು, ಕೋರಸ್ ಹೆಣ್ಣುಮಕ್ಕಳದು ಒಂದು. ಐದು ನಿಮಿಷದ ಹಾಡಿಗೆ 24 ಟ್ರ್ಯಾಕ್ ಇದ್ದು, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆಗಿದ್ರೆ ಅದು ಸುಮಾರು 1 ಜಿ.ಬಿ. ವಾಟ್ಸಾಪ್‌ನಲ್ಲಿ ಓಡಾಡೋ ಎಂಪಿ3 ಸುಮಾರು 5 ಎಂ.ಬಿ. ಆ ಎಂಪಿ3ಯಲ್ಲಿ ಕೀಬೋರ್ಡ್ ಅಬ್ಬರದ ಕೆಳಗೆ ತಮಟೆ ಹೂತುಹೋಗಿರುತ್ತೆ. ಪ್ರಾಜೆಕ್ಟ್ ಇದ್ರೆ ತಮಟೆಯವನ ಕೈಯನ್ನ ಬೇರೆಯಾಗಿ ಕೇಳಬಹುದು, ಮೊಮ್ಮಗ ಅದನ್ನ ಕೇಳಿ ಕಲೀಬಹುದು.

ಆ ಪ್ರಾಜೆಕ್ಟ್‌ಗಳು ಸದ್ದಿಲ್ಲದೆ ಸಾಯ್ತಿವೆ. ಜಾಗ ಸಾಲದು ಅಂತ ಡಿಲೀಟ್ ಆಗ್ತವೆ. ಸ್ಟುಡಿಯೋ ಮುಚ್ಚಿದ್ರೆ ಕಂಪ್ಯೂಟರ್ ಗುಜರಿಗೆ. ಹಳೇ ಹಾರ್ಡ್‌ಡಿಸ್ಕ್ ಸಿಕ್ಕಿದ್ರೂ ಅದರ ಕೇಬಲ್ ಕೂರೋ ಜಾಗ ಈಗಿನ ಕಂಪ್ಯೂಟರಲ್ಲಿ ಇಲ್ಲ. ಫೈಲ್ ಸಿಕ್ಕಿದ್ರೂ ಅದನ್ನ ತೆರೆಯೋ ಸಾಫ್ಟ್‌ವೇರ್ ಆವೃತ್ತಿ ಇಲ್ಲ, ಪ್ಲಗಿನ್ ಇಲ್ಲ, ಡಾಂಗಲ್ ಇಲ್ಲ. ಮನೇಲಿ ಸುಟ್ಟ ಸಿ.ಡಿ.ಗಳ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತೆ.

ಮಾಡಬೇಕಾದ್ದು ದೊಡ್ಡ ವಿದ್ಯೆ ಏನಲ್ಲ.

ಒಂದು: ನಿಮ್ಮ ತಂಡ ಹಾಡಿದ ಸ್ಟುಡಿಯೋಗೆ ಈ ವಾರವೇ ಹೋಗಿ ಕೇಳಿ. ಪ್ರಾಜೆಕ್ಟ್ ಫೋಲ್ಡರ್ ಪೂರ್ತಿ ತನ್ನಿ, ಆಡಿಯೋ ಫೈಲುಗಳ ಸಮೇತ.

ಎರಡು: ಪ್ರಾಜೆಕ್ಟ್ ತೆರೆಯೋಕೆ ಆದ್ರೆ ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಸೆಕೆಂಡಿನಿಂದ ಕೊನೆವರೆಗೆ ವೇವ್ ಫೈಲ್ ಮಾಡಿಸಿ. ನಾಳೆ ಯಾವ ಸಾಫ್ಟ್‌ವೇರ್ ಬಂದ್ರೂ ಎಲ್ಲ ಟ್ರ್ಯಾಕ್ ತಾಳಕ್ಕೆ ಸರಿಯಾಗಿ ಕೂರ್ತವೆ. ಎಂಪಿ3 ಮಾತ್ರ ಸಾಲದು.

ಮೂರು: ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್, ಒಂದು ಇಂಟರ್‌ನೆಟ್ ಶೇಖರಣೆ. ಒಂದು ಡಿಸ್ಕ್ ಬೇರೆ ಊರಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ಕೇಳಿ ನೋಡಿ.

ನಾಲ್ಕು: ಹೆಸರು ಬರೆಯಿರಿ. ನಾನು ಗುಮಾಸ್ತ, ಕಡತಗಳ ನಡುವೆ ಬದುಕೋನು. ರಿಜಿಸ್ಟರ್‌ನಲ್ಲಿ ನಮೂದಾಗದ ಕಡತ ಇದ್ದೂ ಇಲ್ಲದಂಗೆ. ‘ಟ್ರ್ಯಾಕ್ 07’ ಅಂದ್ರೆ ಯಾರು? ಬರೆದವರು, ಹಾಡಿದವರು, ತಮಟೆ ಹೊಡೆದವರು, ಊರು, ವರ್ಷ ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಅದೇ ಫೋಲ್ಡರ್‌ಗೆ ಹಾಕಿ. ಹಾಡಿದವರನ್ನ ಕೇಳದೆ ಯಾವುದನ್ನೂ ಅಪ್‌ಲೋಡ್ ಮಾಡಬೇಡಿ. ಅದು ಅವರ ದುಡಿಮೆ.

ನಮ್ಮ ಹಿರಿಯರು ಊರ ಜಾತ್ರೆ, ಸಾವು, ಹಬ್ಬಕ್ಕೆಲ್ಲ ತಮಟೆ ಹೊಡೆದರು. ಅವರ ಹೆಸರನ್ನ ಯಾರೂ ಬರೆದಿಡಲಿಲ್ಲ. ಆವತ್ತು ಪೆನ್ನು ನಮ್ಮ ಕೈಲಿರಲಿಲ್ಲ. ಇವತ್ತು ಪೆನ್ನೂ ಇದೆ, ಕಂಪ್ಯೂಟರೂ ಇದೆ. ಇನ್ನೂ ಹೆಸರು ಅಳಿಸಿಹೋದ್ರೆ ಬೇರೆಯವರನ್ನ ದೂರೋಕಾಗಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಗೆಳೆಯರೇ, ನಿಮ್ಮ ಹತ್ರ ಹಳೇ ಹಾರ್ಡ್‌ಡಿಸ್ಕ್, ಸಿ.ಡಿ., ಕ್ಯಾಸೆಟ್ ಇದ್ರೆ ಕಮೆಂಟ್‌ನಲ್ಲಿ ತಿಳಿಸಿ. ದಯವಿಟ್ಟು ಗುಜರಿಗೆ ಹಾಕಬೇಡಿ. ಮುಂದಿನ ಏಪ್ರಿಲ್ 14ರೊಳಗೆ ತಾಲ್ಲೂಕಿಗೆ ಹತ್ತು ಹಾಡನ್ನಾದ್ರೂ ಹೆಸರು ಸಮೇತ ಉಳಿಸೋಣ.

ಜೈಭೀಮ್.